ಪೋರ್ಟಿಗೆ ಇಟ್ಟ ಕುಂಕುಮ

ಆ ಯಂತ್ರ ನಮ್ಮ ಪಾಲಿಟೆಕ್ನಿಕ್ಕಿಗೆ ಬಂದದ್ದು ತೆಂಗಿನಕಾಯಿ ಇಳಿಸಿ ವಾಪಸ್ ಬರುತ್ತಿದ್ದ ಲಾರಿಯಲ್ಲಿ. ಬೆಂಗಳೂರಿನ ಯಾವುದೋ ಕಾರ್ಖಾನೆಯವರು ಹೊಸದನ್ನು ಕೊಂಡು ಹಳೆಯದನ್ನು ದಾನ ಮಾಡಿದ್ದರು. ದಾನ ಎಂದರೆ ಗೊತ್ತಲ್ಲ, ಬೇಡವಾದದ್ದನ್ನು ಕೊಟ್ಟು ಫೋಟೋ ತೆಗೆಸಿಕೊಳ್ಳುವುದು. ನಮ್ಮ ಸಂಸ್ಥೆಯ ಕಾರ್ಯದರ್ಶಿಗಳು ಗಂಡಸಿ ಊರಿನ ಕಡೆಯ ದೊಡ್ಡ ತೋಟದವರು. ಅವರ ಕಾಯಿ ಹೊತ್ತುಕೊಂಡು ಹೋಗಿದ್ದ ಲಾರಿಯೇ ಖಾಲಿ ಗೋಣಿಚೀಲಗಳ ಮಧ್ಯೆ ಅದನ್ನು ಅರಸೀಕೆರೆಗೆ ತಂದಿತು. ಲ್ಯಾಬಿನ ಮೇಜಿನ ಮೇಲೆ ಇಟ್ಟಾಗ ಅದರ ಮೈತುಂಬ ತೆಂಗಿನ ನಾರು ಅಂಟಿತ್ತು.

ಹೆಸರು ನೆಟ್‌ವರ್ಕ್ ಅನಲೈಜರ್. ಕಂಪ್ಯೂಟರ್ ನೆಟ್‌ವರ್ಕಿಗೂ ಅದಕ್ಕೂ ಸಂಬಂಧವಿಲ್ಲ. ಒಂದು ಸರ್ಕ್ಯೂಟಿನೊಳಕ್ಕೆ ಸಣ್ಣ ಸಂಕೇತ ಕಳಿಸಿ, ಎಷ್ಟು ಆಚೆ ದಾಟಿತು, ಎಷ್ಟು ಒಳಗೆ ಹೋಗಲಾರದೆ ವಾಪಸ್ ಬಂತು ಎಂದು ಪರದೆಯ ಮೇಲೆ ಗೆರೆ ಎಳೆದು ತೋರಿಸುವುದು ಅದರ ಕೆಲಸ. ಮುಂಭಾಗದ ತುಂಬ ಗುಂಡಿಗಳು, ಒಂದು ದಪ್ಪ ತಿರುಗಣಿ, ಕೆಳಗೆ ಎಡಕ್ಕೊಂದು ಬಲಕ್ಕೊಂದು ದುಂಡನೆಯ ಪೋರ್ಟು. ಸಂಕೇತ ಆಚೆ ಹೋಗುವುದೂ ಒಳಗೆ ಬರುವುದೂ ಆ ಎರಡು ಪೋರ್ಟುಗಳಿಂದಲೇ.

ಅದು ತೊಂಬತ್ತರ ದಶಕದ ಕೊನೆ. ನಾನು ಅಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದ ತಾತ್ಕಾಲಿಕ ಉಪನ್ಯಾಸಕಿ. ಹಳೇಬೀಡಿನ ಅತ್ತೆಮನೆಯಿಂದ ದಿನಾ ಜಾವಗಲ್ ಮೇಲಿನ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ನನ್ನ ಯಜಮಾನರು ಆಗಲೇ ತೀರಿಕೊಂಡಿದ್ದರು. ಬಸ್ಸಿನಲ್ಲಿ ಪಕ್ಕ ಕೂತವರು ಸುಮ್ಮನೆ ಕೇಳಬಾರದೆಂದು ಹಣೆಗೆ ಒಂದು ಕಪ್ಪು ಸ್ಟಿಕ್ಕರ್ ಇಡುತ್ತಿದ್ದೆ. ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಯಾರೂ ಕೇಳುತ್ತಿರಲಿಲ್ಲ. ಕೇಳದೆ ಇರುವುದಕ್ಕೂ ಒಂದು ರೀತಿ ಇರುತ್ತದೆ, ಅದು ನನಗೆ ಕೇಳುವುದಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತಿತ್ತು.

ಯಂತ್ರ ನೋಡಲು ಬಂದ ಕಾರ್ಯದರ್ಶಿಗಳು, "ಇದ್ನ ಓಡ್ಸಾಕೆ ಯಾರಿಗ್ ಬತ್ತದೆ?" ಅಂದರು. ನಮ್ಮ ವಿಭಾಗದ ಮುಖ್ಯಸ್ಥರು ನನ್ನ ಕಡೆ ನೋಡಿದರು. ಕೆಲಸ ಬಂದಾಗ ಅವರು ನೋಡುವ ದಿಕ್ಕು ಅದೇ. "ಮೇಡಮ್ಮೋರೆ, ಓಡ್ಸಿ ತೋರ್ಸಿ. ಲ್ಯಾಬು ನಿಮ್ದೇ. ಕೆಲ್ಸಾನೂ ಕಾಯಂ ಮಾಡ್ಸಾಣ" ಎಂದು ಹೇಳಿ ಅವರು ಹೋದರು.

ಕಾಯಂ ಕೆಲಸ ನನಗೆ ಬೇಕಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಆ ಲ್ಯಾಬು ಬೇಕಿತ್ತು. ಅತ್ತೆಮನೆಯಲ್ಲಿ ನನ್ನದು ನಡುಮನೆಯ ಒಂದು ಮೂಲೆ. ಬೇಲೂರಿನ ತವರಿನಲ್ಲಿ, ತಂಗಿಯ ಮದುವೆಯ ಅರಿಶಿನದ ದಿನ, "ನೀನು ಕಾಫಿ ನೋಡ್ಕೊಳೇ" ಎಂದು ಅಮ್ಮನೇ ನನ್ನನ್ನು ಅಡುಗೆಮನೆಗೆ ಕಳಿಸಿದ್ದಳು. ಈ ಲ್ಯಾಬಿನಲ್ಲಿ ಮಾತ್ರ ಬಾಗಿಲು ತೆಗೆದರೆ ಒಳಗೆ ನಾನು ಮಾಡುವ ಕೆಲಸ ಕಾದಿರುತ್ತಿತ್ತು. ಅದನ್ನು ಬಿಟ್ಟುಕೊಡಬಾರದು ಎಂದು ಮೊದಲ ದಿನವೇ ಹಟ ಹುಟ್ಟಿತು.

ಜೊತೆಗೆ ಬಂದ ಕೈಪಿಡಿಯಲ್ಲಿ ಮೊದಲ ಅಧ್ಯಾಯವೇ ಇರಲಿಲ್ಲ, ಇಲಿ ತಿಂದಿತ್ತೋ ಕಾರ್ಖಾನೆಯವರು ಹರಿದುಕೊಂಡಿದ್ದರೋ. ಶುರುವಿನಲ್ಲಿ ನಾನೂ ಎಲ್ಲರಂತೆ ಗುಂಡಿ ಒತ್ತಿ, ಏನಾಯಿತು ಎಂದು ನೋಡಿ, ಅರ್ಥವಾಗದೆ ಇನ್ನೊಂದನ್ನು ಒತ್ತಿದೆ. ಬಹಳ ದಿನ ತಲೆ ಕೆಡಿಸಿಕೊಂಡ ಮೇಲೆ ಒಂದು ಮಧ್ಯಾಹ್ನ ಹೊಳೆಯಿತು, ಈ ಗುಂಡಿಗಳಲ್ಲಿ ಎರಡು ಜಾತಿ. ಕೆಲವು, ಸರ್ಕ್ಯೂಟಿಗೆ ಏನು ಕಳಿಸಬೇಕು ಎಂಬುದನ್ನು ಬದಲಿಸುತ್ತವೆ: ಯಾವ ಆವರ್ತನದಿಂದ ಶುರು, ಎಲ್ಲಿಗೆ ಮುಗಿತಾಯ, ಎಷ್ಟು ಶಕ್ತಿ, ಎಷ್ಟು ನಿಧಾನ. ಇನ್ನು ಕೆಲವು, ಬಂದ ಉತ್ತರವನ್ನು ಹೇಗೆ ತೋರಿಸಬೇಕು ಎಂಬುದನ್ನು ಮಾತ್ರ ಬದಲಿಸುತ್ತವೆ. ಸ್ಕೇಲ್ ಗುಂಡಿ ಒತ್ತಿ ತಿರುಗಣಿ ತಿರುಗಿಸಿದರೆ ಬೆಟ್ಟದಂತಿದ್ದ ಗೆರೆ ಮಟ್ಟಸವಾಗುತ್ತದೆ. ಆದರೆ ಸರ್ಕ್ಯೂಟು ಇದ್ದ ಹಾಗೇ ಇರುತ್ತದೆ, ಅದಕ್ಕೆ ಏನೂ ಗೊತ್ತೇ ಇರುವುದಿಲ್ಲ. ಇಷ್ಟು ತಿಳಿದ ಮೇಲೆ ಉಳಿದದ್ದು ಸುಲಭವಾಯಿತು. ಪ್ರತಿ ಗುಂಡಿಯನ್ನೂ ಮುಟ್ಟುವ ಮೊದಲು ಅದಕ್ಕೆ ಒಂದೇ ಪ್ರಶ್ನೆ ಹಾಕುತ್ತಿದ್ದೆ, ನೀನು ವಸ್ತುವನ್ನು ಮುಟ್ಟುವವಳೋ, ಬರೀ ನನ್ನ ಕಣ್ಣನ್ನು ಮುಟ್ಟುವವಳೋ.

ಮುಖ್ಯಸ್ಥರಿಗೆ ಇದು ಕೊನೆಯವರೆಗೂ ಹತ್ತಲಿಲ್ಲ. ಸ್ಕೇಲ್ ದೊಡ್ಡದು ಮಾಡಿ, "ನೋಡಿ ಮೇಡಂ, ಈಗ ಎಷ್ಟು ಇಂಪ್ರೂವ್ ಆಯ್ತು" ಅನ್ನುತ್ತಿದ್ದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಮನಸಾರೆ ಬೈದುಕೊಂಡು ನೆಮ್ಮದಿಯಾಗಿ ಇರುತ್ತಿದ್ದೆ. ಅವರಿಗೆ ಇಷ್ಟವಾದದ್ದು ಪ್ರೀಸೆಟ್ ಎಂಬ ಹಸಿರು ಗುಂಡಿ. ಅದನ್ನು ಒತ್ತಿದರೆ ಯಂತ್ರ ಅಲ್ಲಿಯವರೆಗೆ ಹೇಳಿಕೊಟ್ಟದ್ದನ್ನೆಲ್ಲ ಮರೆತು ಮೊದಲ ಸ್ಥಿತಿಗೆ ಹೋಗುತ್ತದೆ. ಲ್ಯಾಬಿಗೆ ಬಂದಾಗಲೆಲ್ಲ, ಬಾಗಿಲ ಕರೆಗಂಟೆ ಒತ್ತುವ ಹಾಗೆ, ಅದನ್ನೊಮ್ಮೆ ಒತ್ತಿ ನನ್ನ ಬೆಳಗಿನ ಕೆಲಸವನ್ನೆಲ್ಲ ಗಾಳಿಗೆ ತೂರಿ, "ಹೇಗಿದೆ ನಡೀತಿದೆಯಾ?" ಎಂದು ಕೇಳುತ್ತಿದ್ದರು. ಆಮೇಲೆ ನಾನು ಪ್ರತಿ ಹೊಂದಾಣಿಕೆಯನ್ನೂ ಯಂತ್ರದ ನೆನಪಿನಲ್ಲಿ ಸೇವ್ ಮಾಡಿಡುವುದನ್ನು ಕಲಿತೆ. ಅವರು ಪ್ರೀಸೆಟ್ ಒತ್ತಿ ಹೋದ ಮೇಲೆ ರೀಕಾಲ್ ಒತ್ತಿ ಕೆಲಸ ಮುಂದುವರಿಸುತ್ತಿದ್ದೆ.

ಎಲ್ಲಕ್ಕಿಂತ ಕಷ್ಟವಾದದ್ದು ಕ್ಯಾಲಿಬ್ರೇಶನ್. ಅಳೆಯುವ ಮುಂಚೆ ಯಂತ್ರಕ್ಕೆ ಅದರದೇ ತಪ್ಪುಗಳನ್ನು ಪರಿಚಯಿಸಬೇಕು. ಪೋರ್ಟಿನಿಂದ ಬರುವ ಕೇಬಲ್ಲಿನ ತುದಿಗೆ ಮೂರು ಸಣ್ಣ ತುಂಡುಗಳನ್ನು ಒಂದಾದ ಮೇಲೊಂದು ತಿರುಪಿ ಕೂಡಿಸಬೇಕು. ಒಂದು ಬಾಯಿ ತೆರೆದದ್ದು, ಒಂದು ಬಾಯಿ ಮುಚ್ಚಿದ್ದು, ಮೂರನೆಯದು ಬಂದದ್ದನ್ನೆಲ್ಲ ನುಂಗಿಕೊಂಡು ಏನನ್ನೂ ವಾಪಸ್ ಕಳಿಸದೆ ಇರುವುದು. ಮೂರನೆಯದನ್ನು ಅರ್ಥ ಮಾಡಿಕೊಳ್ಳಲು ನನಗೆ ತಡವಾಗಲಿಲ್ಲ, ನಾನೂ ಸೊಸೆಯಾಗಿ ಬಾಳಿದವಳು. ಈ ಮೂರನ್ನೂ ಅಳೆದುಕೊಂಡ ಮೇಲೆ ಯಂತ್ರ ತನ್ನ ದೋಷ, ಕೇಬಲ್ಲಿನ ದೋಷ ಎಲ್ಲವನ್ನೂ ಲೆಕ್ಕದಿಂದ ಕಳೆದು, ಎದುರಿಗಿರುವ ವಸ್ತುವಿನದನ್ನು ಮಾತ್ರ ಹೇಳುತ್ತದೆ. ಒಂದೇ ಷರತ್ತು, ದೋಷ ಇದ್ದಲ್ಲೇ ಇರಬೇಕು. ಇದ್ದಲ್ಲೇ ಇರುವ ತಪ್ಪನ್ನು ಅದು ಎಷ್ಟು ದೊಡ್ಡದಿದ್ದರೂ ಕ್ಷಮಿಸುತ್ತದೆ. ಗಳಿಗೆಗೊಂದು ತರ ಆಡುವ ತಪ್ಪನ್ನು ಎದುರಿಗಿರುವ ಬಡಪಾಯಿಯ ತಲೆಗೆ ಕಟ್ಟುತ್ತದೆ.

ತಾಮ್ರದ ತಂತಿ ಸುತ್ತಿ, ತಗಡಿನ ಡಬ್ಬಿಯೊಳಗೆ ಕೂರಿಸಿ ಒಂದು ಫಿಲ್ಟರ್ ಮಾಡಿದ್ದೆ. ಬೇಕಾದ ಆವರ್ತನವನ್ನು ಬಿಟ್ಟು ಉಳಿದದ್ದನ್ನು ತಡೆಯುವ ಸಣ್ಣ ಸಾಮಾನು. ಶ್ರಾವಣ ಮುಗಿಯುವ ಹೊತ್ತಿಗೆ ಯಂತ್ರ ಅದರ ಗೆರೆಯನ್ನು ಪುಸ್ತಕದಲ್ಲಿರುವ ಹಾಗೇ ಬರೆದು ತೋರಿಸಿತು. ಎಷ್ಟು ಸಾರಿ ಬಿಚ್ಚಿ ಕೂಡಿಸಿದರೂ ಅದೇ ಗೆರೆ. ಆ ದಿನ ಬಸ್ಸಿನಲ್ಲಿ ಜಾವಗಲ್ ದಾಟುವವರೆಗೂ ನಿಂತೇ ಹೋದೆ, ಕಾಲು ನೋಯಲಿಲ್ಲ. ಗಂಡ ಹೋದ ಮೇಲೆ ನಾನು ಸಂತೋಷಪಟ್ಟದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು.

ಆಯುಧಪೂಜೆ ಬಂತು. ವರ್ಕ್‌ಶಾಪಿನ ಲೇಥು, ಸಂಸ್ಥೆಯ ಜೀಪು, ಆಫೀಸಿನ ಟೈಪ್‌ರೈಟರು, ಎಲ್ಲ ಆದ ಮೇಲೆ ಪೂಜೆ ನಮ್ಮ ಲ್ಯಾಬಿಗೆ ಬಂತು. ಕುಂಕುಮ ಇಡುವುದು ಕಾರ್ಯದರ್ಶಿಗಳ ಹೆಂಡತಿ. ನಾನು ಯಾರೂ ಹೇಳುವ ಮೊದಲೇ ಹಿಂದಕ್ಕೆ ಸರಿದು ಬಾಗಿಲ ಬಳಿ ನಿಂತೆ. ಆ ಅಮ್ಮ ಯಂತ್ರವನ್ನು ಒಂದು ಗಳಿಗೆ ನೋಡಿದರು. ದೇವರಿಗಾಗಲಿ ಯಂತ್ರಕ್ಕಾಗಲಿ ಕುಂಕುಮ ಇಡಲು ಮುಖ ಬೇಕಲ್ಲ. ಎರಡು ದುಂಡು ಪೋರ್ಟುಗಳು ಅವರಿಗೆ ಬೊಟ್ಟಿಡುವ ಜಾಗದ ಹಾಗೆ ಕಂಡಿರಬೇಕು. ಗಂಧ ಕಲಸಿದ ಕುಂಕುಮವನ್ನು ಉಂಗುರ ಬೆರಳಲ್ಲಿ ತೆಗೆದು ಎರಡು ಪೋರ್ಟಿನ ಬಾಯಿಗೂ ಇಟ್ಟು, ಹೂವು ಸಿಕ್ಕಿಸಿ ಕೈಮುಗಿದರು. ನಾನು ದೂರದಲ್ಲಿದ್ದೆ, ಕುಂಕುಮ ಎಲ್ಲಿಗೆ ಹೋಯಿತೆಂದು ಆಗ ಕಾಣಲಿಲ್ಲ, ಹೂವು ಮಾತ್ರ ಕಂಡಿತು.

ರಜೆ ಮುಗಿಸಿ ಬಂದರೆ ನನ್ನ ಫಿಲ್ಟರ್ ಕೆಟ್ಟಿತ್ತು. ಗೆರೆ ಅಲ್ಲಲ್ಲಿ ಕುಸಿದು, ಕೇಬಲ್ ಮುಟ್ಟಿದರೆ ಕುಣಿಯುತ್ತಿತ್ತು. ಮತ್ತೆ ಕ್ಯಾಲಿಬ್ರೇಟ್ ಮಾಡಿದೆ, ಸರಿಹೋಯಿತು ಅನ್ನುವಷ್ಟರಲ್ಲಿ ಮತ್ತೆ ಹೋಯಿತು. ನನ್ನ ಕೈಕೆಲಸವೇ ಸರಿಯಿಲ್ಲ ಎಂದುಕೊಂಡು ಸುರುಳಿ ಬಿಚ್ಚಿ ಹೊಸದಾಗಿ ಸುತ್ತಿದೆ, ಬೆಸುಗೆ ಕಿತ್ತು ಮತ್ತೆ ಹಾಕಿದೆ. ಕೊನೆಗೊಂದು ದಿನ ಟಾರ್ಚ್ ಹಿಡಿದು ಪೋರ್ಟಿನೊಳಗೆ ಬಗ್ಗಿ ನೋಡಿದಾಗ ಒಣಗಿದ ಕೆಂಪು ಕಂಡಿತು. ಹಲ್ಲುಕಡ್ಡಿಗೆ ಹತ್ತಿಬಟ್ಟೆ ಸುತ್ತಿ ಸ್ಪಿರಿಟ್ಟಿನಲ್ಲಿ ಅದ್ದಿ, ಒಳಗೆ ಸಂಕೇತ ದಾಟಿಸುವ ಚಿನ್ನದ ಲೇಪದ ಪುಟ್ಟ ಬೆರಳುಗಳಿಗೆ ನೋವಾಗದಂತೆ ಚೂರು ಚೂರೇ ತೆಗೆದೆ. ಗೆರೆ ತನ್ನ ಜಾಗಕ್ಕೆ ಬಂದು ನಿಂತಿತು.

ಮರುವರ್ಷ ನವರಾತ್ರಿಗೆ ಮುಂಚೆಯೇ ಮುಖ್ಯಸ್ಥರಿಗೆ ಹೇಳಿದೆ. "ಸರ್, ಕುಂಕುಮ ಮೇಲಿನ ತಗಡಿಗೆ ಇಡಲಿ, ಎಷ್ಟು ಬೇಕಾದರೂ ಇಡಲಿ. ಪೋರ್ಟಿಗೆ ಮಾತ್ರ ಬೇಡ ಅಂತ ಅಮ್ಮನವರಿಗೆ ಹೇಳಿ." ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಹೇಳ್ತೀನಿ ಮೇಡಂ. ಆದ್ರೆ ನೀವು ಮಾತ್ರ ಹೇಳೋಕೆ ಹೋಗ್ಬೇಡಿ. ಚೆನ್ನಾಗಿರಲ್ಲ." ಪೂಜೆಯ ಹಿಂದಿನ ದಿನ ಎರಡೂ ಪೋರ್ಟಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ ಬಿಗಿದೆ.

ಮುಖ್ಯಸ್ಥರು ಅಮ್ಮನವರಿಗೆ ಹೇಳಿರಲಿಲ್ಲ. ಪುರೋಹಿತರು, "ಇದೇನಿದು, ಪ್ಲಾಸ್ಟಿಕ್ಕಿನ ಮೇಲೆ ಇಡಬಾರದು, ತೆಗೀರಿ" ಅಂದರು. ಆ ಅಮ್ಮ ಮುಚ್ಚಳ ತಿರುಪಿ ತೆಗೆದು ಬೆರಳಿಗೆ ಕುಂಕುಮ ತೆಗೆದುಕೊಂಡರು. ಬಾಗಿಲ ಬಳಿಯಿಂದ ನಾನು, "ಅಮ್ಮಾ, ಅಲ್ಲಿ ಕುಂಕುಮ ಇಡಬೇಡಿ, ಮೇಲಿಡಿ" ಅಂದೆ. ಪುರೋಹಿತರ ಕೈಯ ಗಂಟೆ ನಿಂತಿತು. ಎಲ್ಲರೂ ತಿರುಗಿ ನೋಡಿದ್ದು ಯಂತ್ರವನ್ನಲ್ಲ, ನನ್ನ ಹಣೆಯನ್ನು. ಒಂದು ವರ್ಷ ಗುಂಡಿ ಗುಂಡಿಯ ಅರ್ಥ ಹುಡುಕಿ, ಆ ಯಂತ್ರಕ್ಕೆ ಏನು ಆಗುತ್ತದೆ ಏನು ಆಗುವುದಿಲ್ಲ ಎಂದು ಆ ಊರಿನಲ್ಲಿ ಬಲ್ಲವಳು ನಾನೊಬ್ಬಳೇ ಆಗಿದ್ದೆ. ಆ ಗಳಿಗೆಯಲ್ಲಿ ಅದು ಯಾರ ಲೆಕ್ಕಕ್ಕೂ ಬರಲಿಲ್ಲ. ಪುರೋಹಿತರು, "ಶುಭಕಾರ್ಯದಲ್ಲಿ ಬೇಡ ಅನ್ನಬಾರದು" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದರು. ಆ ಅಮ್ಮ ಹೋದ ವರ್ಷಕ್ಕಿಂತ ದಪ್ಪಗೆ ಇಟ್ಟರು. ನನ್ನ ಬಾಯಿಂದ ಬಂದ ಮಾತಿನ ದೋಷ ಹೋಗಲಿ ಅಂತಲೇ ಇರಬೇಕು.

ಮುಂದಿನ ವಾರವೇ ಪರಿಶೀಲನಾ ತಂಡ ಬರುವುದಿತ್ತು. ಕೋರ್ಸಿಗೆ ಹೆಚ್ಚು ಸೀಟು ಕೊಡಬಹುದೋ ಇಲ್ಲವೋ ಎಂದು ನೋಡಲು ಬರುವವರು. ರಜೆ ಮುಗಿಸಿ ನಾನು ಸ್ಪಿರಿಟ್ಟು ಹತ್ತಿ ಹಿಡಿದು ಹೋದರೆ ಪೋರ್ಟುಗಳು ಆಗಲೇ ಶುಭ್ರವಾಗಿದ್ದವು. ಮುಖ್ಯಸ್ಥರು ನಗುತ್ತ ನಿಂತಿದ್ದರು. "ನಾನೇ ಕ್ಲೀನ್ ಮಾಡ್ದೆ ಮೇಡಂ. ಹೇಳೋಕೆ ಆಗ್ಲಿಲ್ಲ, ಅದಕ್ಕೆ ಬೇಜಾರಾಗಿತ್ತು. ಮನೆಯವಳ ಸೇಫ್ಟಿ ಪಿನ್ ತಂದು ಕೆರೆದು ತೆಗ್ದೆ." ಟಾರ್ಚ್ ಹಾಕಿ ನೋಡಿದೆ. ಎಡಗಡೆಯ ಪೋರ್ಟಿನ ನಡುವಿದ್ದ ಚಿನ್ನದ ಬೆರಳುಗಳಲ್ಲಿ ಒಂದು ಮುರಿದಿತ್ತು, ಒಂದು ಬಾಗಿತ್ತು. ಅದು ಸ್ಪಿರಿಟ್ಟಿನಿಂದ ಸರಿಹೋಗುವಂಥದ್ದಲ್ಲ. ಪೋರ್ಟಿಗೆ ಬೇರೆ ಕನೆಕ್ಟರೇ ಹಾಕಿಸಬೇಕು, ಅದು ಸಿಗುವುದು ಬೆಂಗಳೂರಿನಲ್ಲಿ, ಅದನ್ನು ತರಿಸಬೇಕೆಂದು ಯಾರಾದರೂ ಕಾರ್ಯದರ್ಶಿಗಳಿಗೆ ಹೇಳಬೇಕು.

ತಂಡ ಬಂದ ದಿನ ಮುಖ್ಯಸ್ಥರೇ ಯಂತ್ರದ ಮುಂದೆ ಕೂತರು. ಗೆರೆ ಕೊಯ್ಲಾದ ರಾಗಿಹೊಲದ ಕೂಳೆಯಂತೆ ಎದ್ದು ನಿಂತಿತ್ತು. ಅವರಿಗೆ ಸ್ಮೂದಿಂಗ್ ಎಂಬ ಗುಂಡಿಯನ್ನು ತೋರಿಸಿಕೊಟ್ಟವಳು ನಾನೇ. ಅಕ್ಕಪಕ್ಕದ ಬಿಂದುಗಳನ್ನು ಕಲಸಿ ಗೆರೆಯನ್ನು ನುಣ್ಣಗೆ ಮಾಡುವುದು ಅದು. ಕಣ್ಣಿನ ಗುಂಡಿ, ವಸ್ತುವಿನದಲ್ಲ. ಅದನ್ನು ಒತ್ತಿ, ಸ್ಕೇಲನ್ನೂ ದೊಡ್ಡದು ಮಾಡಿದರು. ಗೆರೆ ಇಸ್ತ್ರಿ ಹಾಕಿದ ಹಾಗಾಯಿತು. ತಂಡದ ಹಿರಿಯರು ತಲೆದೂಗಿ ನನ್ನ ಕಡೆ ತಿರುಗಿ, "ಏನಮ್ಮಾ, ಈ ಫಿಲ್ಟರ್ ನೀವು ಮಾಡಿದ್ದಂತೆ. ಚೆನ್ನಾಗಿ ಬಂದಿದೆ" ಅಂದರು.

ನಾನು ಮುಂದೆ ಬಗ್ಗಿ ಸ್ಮೂದಿಂಗ್ ಆಫ್ ಮಾಡಿದೆ. "ಸರ್, ಫಿಲ್ಟರ್ ಚೆನ್ನಾಗಿದೆ. ಆದರೆ ಈ ಗೆರೆ ಅದರದ್ದಲ್ಲ. ಪೋರ್ಟಿನೊಳಗೆ ಕುಂಕುಮ ಹೋಗಿ, ತೆಗೆಯುವಾಗ ಮುರಿದಿದೆ. ಕನೆಕ್ಟರ್ ಹಾಕಿಸದಿದ್ದರೆ ಮಕ್ಕಳಿಗೆ ಇದರಲ್ಲಿ ಹೇಳಿಕೊಡುವುದೆಲ್ಲ ಸುಳ್ಳಾಗುತ್ತೆ." ಅವರು ಕೋಪಗೊಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು ಗಡಿಯಾರ ನೋಡಿಕೊಂಡರು. "ಯಂತ್ರ ಇದೆ, ಆನ್ ಆಗುತ್ತೆ. ನಮಗೆ ಅಷ್ಟು ಸಾಕು" ಎಂದು ಹೇಳಿ ಊಟಕ್ಕೆ ಎದ್ದರು. ಮಧ್ಯಾಹ್ನ ಅವರಿಗೆ ಹಳೇಬೀಡು, ಬೇಲೂರು ತೋರಿಸುವ ಏರ್ಪಾಡಾಗಿತ್ತು. ಮೇಡಂ ಅಲ್ಲಿಯವರೇ, ಜೊತೆಗೆ ಬರುತ್ತಾರೆ ಎಂದು ಬೆಳಿಗ್ಗೆ ಹೇಳಿದ್ದ ಮುಖ್ಯಸ್ಥರು ಆಮೇಲೆ ನನ್ನನ್ನು ಕರೆಯಲಿಲ್ಲ. ಜಾವಗಲ್ಲಿನಲ್ಲಿ ನನ್ನ ಬಸ್ಸು ಜನ ಹತ್ತಿಸಿಕೊಳ್ಳುತ್ತಿದ್ದಾಗ ಅವರ ಕಾರು ಹಾರನ್ ಹೊಡೆದು ಮುಂದೆ ಹೋಯಿತು.

ಸಂಜೆ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರೂ ನನ್ನ ಹಾಗೇ, ಕುಂಕುಮ ಬಿಟ್ಟವರು. ಕೇಳಿಸಿಕೊಂಡು, "ಅವ್ರ ಮಿಷನ್ನು, ಅವ್ರ ಕುಂಕ್ಮ. ನಿಂಗ್ಯಾಕವ್ವ ಬೇಕಿತ್ತು? ಸಂಬ್ಳ ಬತ್ತಿತ್ತಲ್ಲ" ಅಂದರು. ನನಗೆ ಬಂದ ಸಿಟ್ಟಿಗೆ ಊಟ ಸೇರಲಿಲ್ಲ.

ಸೀಟುಗಳು ಮಂಜೂರಾದವು. ಕಾರ್ಯದರ್ಶಿಗಳು ನನ್ನನ್ನು ಆಫೀಸಿಗೆ ಕರೆಸಿದರು. ಬೈಯುತ್ತಾರೆ, ತೆಗೆದುಹಾಕುತ್ತಾರೆ ಎಂದು ಉತ್ತರಗಳನ್ನು ಬಸ್ಸಿನಲ್ಲೇ ಜೋಡಿಸಿಕೊಂಡು ಹೋಗಿದ್ದೆ. ಅವರು ಕುರ್ಚಿ ತೋರಿಸಿ ಕಾಫಿ ತರಿಸಿದರು.

"ನಿಮ್ ಸಂಕ್ಟ ನಮ್ಗೆ ಅರ್ಥ ಆಯ್ತದೆ ಕಣಮ್ಮ" ಅಂದರು. "ಕುಂಕ್ಮ ಕಂಡ್ರೆ ಕರುಳು ಚುರುಕ್ ಅಂತದೆ. ನಮ್ಮನೇಲೂ ತಂಗಿ ಅವ್ಳೆ, ಹಿಂಗೇಯ. ಹಬ್ಬ ಬಂದ್ರೆ ಏನಾದ್ರೂ ಒಂದ್ ತಕ್ರಾರ್ ತೆಗೀತಾಳೆ. ನಾವ್ಯಾರೂ ಬೇಜಾರ್ ಮಾಡ್ಕಳಾಕಿಲ್ಲ."

"ಸರ್, ಅದು ಕುಂಕುಮ ಅಂತ ಅಲ್ಲ" ಅಂದೆ. "ಒಳಗೆ ಸುಣ್ಣ ಹಾಕಿದ್ರೂ, ಬೆಲ್ಲ ಹಾಕಿದ್ರೂ ಇದನ್ನೇ ಹೇಳ್ತಿದ್ದೆ. ಅಲ್ಲಿ ಏನೂ ಹೋಗಬಾರದು."

"ಆಯ್ತು ಬುಡಿ, ಆಯ್ತು." ಅವರ ದನಿಯಲ್ಲಿ ನಿಜವಾದ ಕನಿಕರವಿತ್ತು. ಅದೇ ನನ್ನನ್ನು ಸುಟ್ಟದ್ದು. "ಕೊಟ್ಟ ಮಾತು ನಾನು ತಪ್ಪಾಕಿಲ್ಲ. ಕೆಲ್ಸ ಕಾಯಂ ಆಗೈತೆ. ಹೆಣ್ಮಕ್ಳ ಹಾಸ್ಟೆಲ್ ನೋಡ್ಕಳಿ. ಅಲ್ಲೇ ಕ್ವಾಟ್ರಸ್ಸು ಐತೆ, ಅತ್ತೇನೂ ಕರ್ಕಂಡ್ ಬನ್ನಿ. ಲ್ಯಾಬಿನ ತಲೆನೋವು ನಿಮ್ಗ್ಯಾಕೆ?"

ಬೈದಿದ್ದರೆ ಜಗಳ ಆಡಬಹುದಿತ್ತು. ಅರ್ಥ ಮಾಡಿಕೊಂಡವರ ಜೊತೆ ಹೇಗೆ ಆಡುವುದು? ನಾನು ಪೋರ್ಟಿನ ಬಗ್ಗೆ ಏನು ಹೇಳಿದರೂ ಅವರಿಗೆ ನನ್ನ ಗಂಡನ ಸಾವು ಕೇಳಿಸುತ್ತಿತ್ತು. ಅದನ್ನು ಸರಿಪಡಿಸುವ ಗುಂಡಿ ಯಾವ ಯಂತ್ರದಲ್ಲೂ ಇರಲಿಲ್ಲ. ಲ್ಯಾಬಿನ ಬೀಗದಕೈ ಮೇಜಿನ ಮೇಲಿಟ್ಟು ಬಂದೆ.

ಅತ್ತೆಯನ್ನು ಕರೆದುಕೊಂಡು ಅರಸೀಕೆರೆಯ ಹಾಸ್ಟೆಲ್ಲಿಗೆ ಬಂದೆ. ಹೊಸ ಕನೆಕ್ಟರ್ ಯಾರೂ ಹಾಕಿಸಲಿಲ್ಲ. ಯಾರಾದರೂ ದೊಡ್ಡವರು ಬಂದರೆ ಯಂತ್ರ ಆನ್ ಮಾಡಿ, ಸ್ಮೂದಿಂಗ್ ಹಾಕಿ ತೋರಿಸುತ್ತಾರೆಂದು ಹುಡುಗಿಯರು ಬಂದು ಹೇಳುತ್ತಿದ್ದರು. ನಾನು ಹಾಸ್ಟೆಲ್ಲಿನ ಅಕ್ಕಿ ಬೇಳೆ ಅಳೆಯುತ್ತ, ಹುಡುಗಿಯರು ಗೇಟು ದಾಟುವ ಹೊತ್ತನ್ನು ಕಾಯುತ್ತ ಇದ್ದೆ. ಸಂಬಳ ತಿಂಗಳು ತಪ್ಪದೆ ಬರುತ್ತಿತ್ತು. ಅತ್ತೆಗೆ ನೆಮ್ಮದಿಯಾಗಿತ್ತು. ನನಗೆ ಒಳಗೊಳಗೇ ಕುದಿಯುತ್ತಿತ್ತು, ಅದನ್ನು ಹೇಳಿದರೆ ಅದಕ್ಕೂ ಅರ್ಥ ಹಚ್ಚುತ್ತಾರೆ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಮುಂದಿನ ವರ್ಷದ ಆಯುಧಪೂಜೆಗೆ ಅಡುಗೆಯವಳೂ ಸೇರಿ ಎಲ್ಲರೂ ಕಾಲೇಜಿಗೆ ಹೋಗಿದ್ದರು. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ನಾನು ಮತ್ತು ಅತ್ತೆ, ನಮ್ಮೆದುರು ಒಂದು ಗ್ರೈಂಡರ್. ಅಡುಗೆಯವಳು ಅದನ್ನು ತೊಳೆದು, ಗಂಧ ಕುಂಕುಮದ ಬಟ್ಟಲು ಪಕ್ಕದಲ್ಲಿಟ್ಟು, ಬಂದು ಇಡುತ್ತೇನೆ ಎಂದು ಹೋಗಿದ್ದಳು. ಹೊತ್ತು ಕಳೆಯಿತು, ಅವಳು ಬರಲಿಲ್ಲ.

ಬಟ್ಟಲಿಗೆ ನಾನು ಕೈ ಹಾಕಿದ್ದು ನೋಡಿ ಅತ್ತೆ, "ತಡಿಯೇ, ಯಾರ್ನಾರ ಕರ್ಕಂಬತ್ತೀನಿ" ಎಂದು ಎದ್ದರು. ಅವರು ಬಾಗಿಲು ದಾಟುವಷ್ಟರಲ್ಲಿ ನಾನು ಇಟ್ಟಾಗಿತ್ತು. ಉಂಗುರ ಬೆರಳಿನಲ್ಲೇ, ಸ್ವಿಚ್ಚಿನ ಹತ್ತಿರಕ್ಕೆ ಹೋಗದ ಹಾಗೆ, ಮೇಲಿನ ತಗಡಿಗೆ. ಅತ್ತೆ ನೋಡಿದರು. ವಾಪಸ್ ಬಂದು ಕೂತರು. ಅಡುಗೆಯವಳು ಬಂದಾಗ, ಕುಂಕುಮ ಇಟ್ಟವರು ಯಾರೆಂದು ಅವಳೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಮಾರನೆಯ ದಿನ ಅದರಲ್ಲಿ ಹಿಟ್ಟು ಅರೆದರು. ಅದರ ಇಡ್ಲಿಯನ್ನು ಹಾಸ್ಟೆಲ್ಲಿನ ಹುಡುಗಿಯರೆಲ್ಲ ತಿಂದರು, ಕೆಲವರು ಇನ್ನೆರಡು ಹಾಕಿಸಿಕೊಂಡರು. ಯಾರಿಗೂ ಏನೂ ಆಗಲಿಲ್ಲ, ಗ್ರೈಂಡರ್ರಿಗೂ ಆಗಲಿಲ್ಲ. ಗೆದ್ದೆ ಎಂದು ನನಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಲ್ಯಾಬು ತೆಗೆದುಕೊಂಡವರು ನನ್ನ ಪಾಲಿಗೆ ಬಿಟ್ಟದ್ದು ಆ ಗ್ರೈಂಡರ್ ಒಂದನ್ನೇ.